ಹಳೆಯ ಕಾರಿನ ಬ್ರೇಕು: ಶೂ ಬದಲಿಸಿದ ಮಾತ್ರಕ್ಕೆ ರಿಪೇರಿ ಮುಗಿಯಲಿಲ್ಲ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಚಿತ್ರ-ಬರಹಗಳಲ್ಲಿ ಬಣ್ಣದ ಹೊಳಪು, ಕ್ರೋಮ್ ಬಂಪರು, ಚರ್ಮದ ಸೀಟು, ಎಂಜಿನ್ನಿನ ಸದ್ದು ಎಲ್ಲಕ್ಕೂ ಜಾಗ ಸಿಗುತ್ತದೆ. ಬ್ರೇಕಿನ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಇದ್ದರೂ ‘ಹೊಸ ಬ್ರೇಕ್ ಶೂ ಹಾಕಲಾಗಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಒತ್ತಿ ಅದನ್ನು ನಿಲ್ಲಿಸುವ ಬಿಲ್ಲಿನಾಕಾರದ ತುಂಡೇ ಶೂ, ಅದರ ಮೇಲಿನ ಉಜ್ಜುವ ಪದರವೇ ಲೈನಿಂಗ್. ಐವತ್ತು, ಅರವತ್ತು ವರ್ಷ ದಾಟಿದ ಕಾರಿನಲ್ಲಿ ಶೂ ಬದಲಿಸುವುದು ಬ್ರೇಕ್ ಕೆಲಸದ ಅತಿ ಸುಲಭದ ಭಾಗ. ಸವೆದ ಶೂ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತದೆ. ಸಿಲಿಂಡರಿನೊಳಗೆ ಗಟ್ಟಿಯಾದ ರಬ್ಬರು, ಒಳಗೇ ಸೀಳಿದ ಹೋಸು, ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದ ಪೈಪು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮೇಲೆ ತಳುಕು ಒಳಗೆ ಹುಳುಕು ಎನ್ನುವುದಕ್ಕೆ ಬಣ್ಣ ಬಳಿಸಿಕೊಂಡು ನಿಂತ ಹಳೆಯ ಕಾರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹೀಗಾಗಿ, ಅಂಕಣದ ಅಳತೆ ಮೀರುತ್ತದೆಂದು ಗೊತ್ತಿದ್ದೂ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ; ಆ ಒತ್ತಡ ಪೈಪು, ಹೋಸುಗಳ ಮೂಲಕ ಚಕ್ರದ ಬಳಿಯ ವೀಲ್ ಸಿಲಿಂಡರಿಗೆ ಮುಟ್ಟಿ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಇಂದಿನ ಕಾರುಗಳಲ್ಲಿ ಬ್ರೇಕಿಗೆ ಇಂಥ ಎರಡು ಪ್ರತ್ಯೇಕ ಸರ್ಕ್ಯೂಟ್ (ದ್ರವದ ಜಾಲ) ಇರುತ್ತವೆ. ಒಂದು ಸೋರಿದರೂ ಇನ್ನೊಂದು ಹೇಗೋ ಕಾರನ್ನು ನಿಲ್ಲಿಸುತ್ತದೆ. ಹಳೆಯ ಕಾರುಗಳ ಕತೆ ಬೇರೆ. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕನ್ನು ಡ್ಯೂಸೆನ್‌ಬರ್ಗ್ 1921ರಲ್ಲೇ ಕೊಟ್ಟಿತ್ತು. ಷೆವರ್ಲೆ 1936ರಲ್ಲಿ, ಫೋರ್ಡ್ 1939ರಲ್ಲಿ ಅದೇ ದಾರಿಗೆ ಬಂದವು. ಆದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾದದ್ದು 1967ರ ಮಾದರಿಗಳಿಂದ. ಅದಕ್ಕೆ ಮುಂಚಿನ ಬಹುಪಾಲು ಕಾರುಗಳಲ್ಲಿ ಇರುವುದು ಒಂದೇ ಪಿಸ್ಟನ್, ಒಂದೇ ಪೈಪ್ ಜಾಲ. ಹಿಂದಿನ ಚಕ್ರದ ಬಳಿ ಸೂಜಿಮೊನೆಯಷ್ಟು ತೂತು ಬಿದ್ದರೆ ಮುಂದಿನ ಚಕ್ರಗಳ ಬ್ರೇಕೂ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ, ಅದನ್ನಾದರೂ ಎಷ್ಟು ಜನ ಸರಿಯಾಗಿ ಇಟ್ಟುಕೊಂಡಿರುತ್ತಾರೆ!

ಇಂಥ ಕಾರಿನಲ್ಲಿ ಅರ್ಧ ರಿಪೇರಿ ಎಂಬುದೇ ಇಲ್ಲ. ಒಂದು ವೀಲ್ ಸಿಲಿಂಡರ್ ಸೋರಿತೆಂದು ಅದೊಂದಕ್ಕೇ ವಾಷರ್ ಕಿಟ್ ಹಾಕಿ ಕೈತೊಳೆದುಕೊಂಡರೆ, ಅಲ್ಲಿಯವರೆಗೆ ಆ ಸೋರಿಕೆಯಿಂದ ಕಡಿಮೆಯಾಗಿದ್ದ ಒತ್ತಡ ಈಗ ಪೂರ್ತಿಯಾಗಿ ಉಳಿದ ಸಿಲಿಂಡರುಗಳ ಮೇಲೆ, ಅಷ್ಟೇ ವಯಸ್ಸಿನ ಹೋಸುಗಳ ಮೇಲೆ ಬೀಳುತ್ತದೆ. ಮುಂದಿನ ದುರ್ಬಲ ಜಾಗ ಕೆಲವೇ ದಿನಗಳಲ್ಲಿ ಕೈಕೊಡುತ್ತದೆ. ಮಾಸ್ಟರ್ ಸಿಲಿಂಡರ್, ಎಲ್ಲ ವೀಲ್ ಸಿಲಿಂಡರುಗಳು, ಸಾಮಾನ್ಯವಾಗಿ ಮೂರಿರುವ ರಬ್ಬರ್ ಹೋಸುಗಳು, ಇವೆಲ್ಲವನ್ನೂ ಒಂದೇ ಸಲ ಬಿಚ್ಚಿ ಸರಿಮಾಡಬೇಕು.

ಇನ್ನು ‘ಬ್ರೇಕ್ ಆಯಿಲ್’. ಅರ್ಧ ಅನಾಹುತಕ್ಕೆ ಈ ಹೆಸರೇ ಕಾರಣ. ಎಲ್ಲರೂ ಹಾಗೇ ಕರೆಯುತ್ತೇವೆ, ಆದರೆ ಅದು ಎಣ್ಣೆಯಲ್ಲ. ಡಾಟ್ 3 ಮತ್ತು ಡಾಟ್ 4 ಎಂಬ ದರ್ಜೆಯವು ಗ್ಲೈಕಾಲ್ ಈಥರ್ ಆಧಾರದ ದ್ರವಗಳು. ನೀರಿನಲ್ಲಿ ಕಲೆಯುತ್ತವೆ, ಗಾಳಿಯ ತೇವವನ್ನು ಹೀರುತ್ತವೆ. ಬ್ರೇಕಿನ ರಬ್ಬರು ಈ ದ್ರವಕ್ಕೆಂದೇ ತಯಾರಾದದ್ದು. ಎಂಜಿನ್ ಆಯಿಲ್, ಸ್ಟಿಯರಿಂಗ್ ಆಯಿಲ್, ಗ್ರೀಸ್, ಸೀಮೆಎಣ್ಣೆ, ಡೀಸೆಲ್ ಯಾವುದು ತಾಗಿದರೂ ಅದು ಉಬ್ಬಿ ಮೆತ್ತಗಾಗುತ್ತದೆ. ‘ಆಯಿಲ್ ಕಡಿಮೆಯಾಗಿದೆ’ ಎಂದು ಕೈಗೆ ಸಿಕ್ಕ ಡಬ್ಬಿಯಿಂದ ಒಂದಿಷ್ಟು ಸುರಿದರೆ ಮುಗಿಯಿತು. ಉಬ್ಬಿದ ಕಪ್ (ಪಿಸ್ಟನ್ನಿನ ಬಳಿ ದ್ರವ ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ) ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ಅನುಮಾನವಿದ್ದರೆ ಪರೀಕ್ಷೆ ಬಹಳ ಸುಲಭ. ಗಾಜಿನ ಬಾಟಲಿಗೆ ಅರ್ಧ ನೀರು ಹಾಕಿ, ರಿಸರ್ವಾಯರಿನಿಂದ (ದ್ರವ ತುಂಬಿಡುವ ಡಬ್ಬಿಯಿಂದ) ತೆಗೆದ ದ್ರವ ಸ್ವಲ್ಪ ಸುರಿದು, ಮುಚ್ಚಳ ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಪೂರ್ತಿ ಕಲೆತರೆ ಅದು ಗ್ಲೈಕಾಲ್ ದ್ರವ. ಮೇಲೆ ಪದರ ತೇಲಿದರೆ ಎಣ್ಣೆ ಸೇರಿದೆ. ಆಮೇಲೆ ಯಾವ ರಬ್ಬರನ್ನೂ ಉಳಿಸಿಕೊಳ್ಳುವ ಆಸೆ ಬೇಡ: ಕಪ್, ಬೂಟ್ (ಸಿಲಿಂಡರಿನ ಬಾಯಿ ಮುಚ್ಚುವ ರಬ್ಬರ್ ಟೋಪಿ), ಹೋಸು, ರಿಸರ್ವಾಯರ್ ಮುಚ್ಚಳದ ಗ್ಯಾಸ್ಕೆಟ್ ಎಲ್ಲ ಕಸಕ್ಕೆ, ಲೋಹದ ಪೈಪುಗಳಿಗೆ ಸ್ಪಿರಿಟ್ ಹಾಯಿಸಿ ತೊಳೆದು ಗಾಳಿ ಊದಿ ಒಣಗಿಸಬೇಕು. ಈ ನಿಯಮಕ್ಕೆ ಅಪವಾದವೂ ಉಂಟು. ದ್ರವ ಮತ್ತು ಅನಿಲದ ಒತ್ತಡದಿಂದ ನಡೆಯುವ ಹೈಡ್ರೋನ್ಯುಮ್ಯಾಟಿಕ್ ವ್ಯವಸ್ಥೆಯ ಹಲವು ಸಿಟ್ರೊಯೆನ್ ಕಾರುಗಳು ಬಳಸುವ ಹಸಿರು ಎಲ್‌ಎಚ್‌ಎಂ ದ್ರವ ನಿಜಕ್ಕೂ ಖನಿಜ ಎಣ್ಣೆ. ಅದಕ್ಕೆ ಡಾಟ್ 4 ಹಾಕಿದರೆ ಅಲ್ಲಿನ ಸೀಲುಗಳು ಹಾಳು.

ಬಿಚ್ಚುವ ಕೆಲಸಕ್ಕೆ ಬರೋಣ. ಕಾರು ಸ್ಟ್ಯಾಂಡಿನ ಮೇಲೆ ನಿಲ್ಲಬೇಕು, ಬರೀ ಜಾಕಿನ ಮೇಲಲ್ಲ. ಡ್ರಮ್ ಹೊರಗೆ ಬರದಿದ್ದರೆ ಸುತ್ತಿಗೆ ಎತ್ತುವ ಮೊದಲು ಅಡ್ಜಸ್ಟರನ್ನು (ಶೂ ಮತ್ತು ಡ್ರಮ್ ನಡುವಿನ ಸಂದು ಹೊಂದಿಸುವ ತಿರುಪನ್ನು) ಪೂರ್ತಿ ಸಡಿಲಿಸಿ, ಹ್ಯಾಂಡ್‌ಬ್ರೇಕ್ ಬಿಡಿ. ಸವೆದ ಡ್ರಮ್ಮಿನ ಅಂಚಿನಲ್ಲಿ ಒಂದು ದಿಣ್ಣೆ ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಬ್ರಿಟಿಷ್ ಕಾರುಗಳಲ್ಲಿ ಡ್ರಮ್ಮನ್ನು ಎರಡು ಸಣ್ಣ ಸ್ಕ್ರೂ ಹಿಡಿದಿರುವುದು ಹೆಚ್ಚು. ಹಳೆಯ ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಹಿಂದಿನ ಡ್ರಮ್ ಮೊನಚಾದ ಆಕ್ಸಲ್ಲಿನ ಮೇಲೆ ಕೀಲಿ ಸಮೇತ ಬಿಗಿದು ಕೂತಿರುತ್ತದೆ. ಅದಕ್ಕೆ ಹಬ್ ಪುಲ್ಲರ್ ಬೇಕೇ ಬೇಕು. ಅಲ್ಲಿ ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಸಡಿಲಿಸಿ ಹಾಗೇ ಬಿಡಿ. ಡ್ರಮ್ ಕಳಚಿಕೊಳ್ಳುವಾಗ ಗುಂಡಿನಂತೆ ಹಾರಿ ಬರುತ್ತದೆ, ಅದನ್ನು ತಡೆಯುವುದು ಆ ನಟ್ಟೇ.

ಡ್ರಮ್ ತೆಗೆದ ಕೂಡಲೇ ಒಳಗಿನ ಕಪ್ಪು ಧೂಳನ್ನು ಏರ್ ಹೋಸಿನಿಂದ ಊದುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ, ಅದು ತರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳೇ ಬೇಕು. ಸೋಪು ನೀರು ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಸೂಕ್ಷ್ಮ ಕಣಗಳನ್ನು ತಡೆಯುವ ಮಾಸ್ಕ್ ಮುಖದ ಮೇಲಿರಲಿ. ಕರ್ಚೀಫು ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ.

ಒಳಗೆ ಒದ್ದೆ ಕಂಡರೆ ಅದು ಯಾವುದರ ಒದ್ದೆ ಎಂದು ಮೊದಲು ತಿಳಿಯಬೇಕು. ಹಿಂದಿನ ಚಕ್ರದಲ್ಲಿ ಆಕ್ಸಲ್ ಸೀಲ್ ಸೋರಿ ಗೇರ್ ಆಯಿಲ್ ಬಂದಿರಬಹುದು, ವೀಲ್ ಸಿಲಿಂಡರಿನಿಂದ ಬ್ರೇಕ್ ದ್ರವ ಬಂದಿರಬಹುದು. ಬೆರಳಿಗೆ ಹಚ್ಚಿಕೊಂಡು ಬರೀ ನೀರಿನಲ್ಲಿ ತೊಳೆದು ನೋಡಿ. ಬ್ರೇಕ್ ದ್ರವ ಹೊರಟು ಹೋಗುತ್ತದೆ, ಗೇರ್ ಆಯಿಲ್ ಜಿಡ್ಡು ಹಾಗೇ ಉಳಿದು ಗಂಧಕದ ನಾತ ಹೊಡೆಯುತ್ತದೆ. ಇದನ್ನು ನೋಡದೆ ಸಿಲಿಂಡರ್ ಬದಲಿಸಿದವರು ತಿಂಗಳೊಳಗೆ ಹೊಸ ಶೂವನ್ನೂ ಎಣ್ಣೆಯಲ್ಲಿ ಅದ್ದಿ ತೆಗೆಯುತ್ತಾರೆ. ಎಣ್ಣೆಯಾಗಲಿ ಬ್ರೇಕ್ ದ್ರವವಾಗಲಿ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ‘ಸರಿ’ ಮಾಡುವವರಿದ್ದಾರೆ. ಮೇಲ್ಮೈ ಒಣಗುತ್ತದೆ ನಿಜ, ಬ್ರೇಕ್ ಬಿಸಿಯಾದೊಡನೆ ಒಳಗಿನದು ಮತ್ತೆ ಉಕ್ಕಿ ಬರುತ್ತದೆ. ಅಂಥ ಶೂ ಬಿಸಾಡಬೇಕು, ಅದೂ ಜೋಡಿಯಾಗಿ: ಎಡಕ್ಕೆ ಹಾಕಿದರೆ ಬಲಕ್ಕೂ ಹಾಕಲೇಬೇಕು.

ವೀಲ್ ಸಿಲಿಂಡರಿನ ಎರಡೂ ಬದಿಯ ರಬ್ಬರ್ ಬೂಟನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಬರೀ ತೇವವಿದ್ದರೆ ಕಪ್ ಹಳತಾಗಿದೆ, ಹನಿ ಜಾರಿದರೆ ಕಪ್ ಸತ್ತಿದೆ. ಬಿಚ್ಚಿದ ಮೇಲೆ ಒಳಗೋಡೆಯನ್ನು ಸ್ಪಿರಿಟಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಕಂದು ಕಲೆ ಮಾತ್ರವಿದ್ದರೆ ಒಳಗೋಡೆ ಉಜ್ಜುವ ನುಣ್ಣನೆಯ ಹೋನಿಂಗ್ ಕಲ್ಲಿಗೆ ಬ್ರೇಕ್ ದ್ರವವನ್ನೇ ಸವರಿ ಕೆಲವು ಸುತ್ತು ಹೊಡೆದರೆ ಹೋಗುತ್ತದೆ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಹೋನ್ ಮಾಡಿ ಫಲವಿಲ್ಲ. ಗುಳಿ ಹೋಗುವವರೆಗೆ ಕೊರೆದರೆ ಸಿಲಿಂಡರು ದೊಡ್ಡದಾಗಿ, ಮುಕ್ಕಾಲು ಇಂಚಿನ, ಅಂದರೆ 19.05 ಮಿ.ಮೀ. ಕಪ್ ಅಲ್ಲಿ ಸಡಿಲವಾಗಿ ಕೂರುತ್ತದೆ. ಒತ್ತಡ ಏರಿದಾಗ ಕಪ್ಪಿನ ಅಂಚು ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದಿಗೆ ನುಸುಳಿ ಹರಿಯುತ್ತದೆ. 0.1 ಮಿ.ಮೀ. ಹೆಚ್ಚಾದರೇ ಬಹಳವಾಯಿತು. ಅಂಥ ಸಿಲಿಂಡರಿಗೆ ಹೊಸದನ್ನು ತರಬೇಕು, ಸಿಗದಿದ್ದರೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ (ಒಳಗೋಡೆಗೆ ಕೂರುವ ತೆಳು ಕೊಳವೆ) ಕೂರಿಸಿ ಮೂಲ ಅಳತೆಗೆ ತರಬೇಕು. ತುಕ್ಕಿನ ಕಾಟ ಮತ್ತೆ ಬರದಿರುವುದರಿಂದ ಅಪರೂಪದ ಕಾರುಗಳಿಗೆ ಸ್ಲೀವೇ ವಾಸಿ. ಸ್ಲೀವ್ ಹಾಕಿದವರು ದ್ರವ ಬರುವ ರಂಧ್ರವನ್ನೂ ಗಾಳಿ ಹೊರಬಿಡುವ ಬ್ಲೀಡರ್ ರಂಧ್ರವನ್ನೂ ಅದರಲ್ಲಿ ಕೊರೆದು, ಅಂಚಿನ ಚೂಪನ್ನು ಸವರಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಿ. ಅಲ್ಯೂಮಿನಿಯಂ ಸಿಲಿಂಡರುಗಳನ್ನು ಹೋನ್ ಮಾಡಲೇಬಾರದು. ಮೇಲಿನ ಗಟ್ಟಿ ಪದರ ಹೋದರೆ ಕೆಲವೇ ಸಮಯದಲ್ಲಿ ಗೀರು ಬೀಳುತ್ತದೆ.

ಜೋಡಿಸುವಾಗ ಕಪ್ಪಿನ ತುಟಿ ಯಾವಾಗಲೂ ಒತ್ತಡದ ಕಡೆಗೆ, ಅಂದರೆ ದ್ರವದ ಕಡೆಗೆ ಮುಖ ಮಾಡಿರಬೇಕು. ಚಪ್ಪಟೆ ಬೆನ್ನು ಪಿಸ್ಟನ್ನಿಗೆ. ಹೊಸ ಬ್ರೇಕ್ ದ್ರವದಲ್ಲಿ ಅದ್ದಿ, ಬೆರಳಿನಿಂದಲೇ ಒಳಗೆ ತಳ್ಳಿ. ಸ್ಕ್ರೂಡ್ರೈವರ್ ತಾಗಿದರೆ ತುಟಿ ಹರಿಯುತ್ತದೆ. ಬೂಟಿನ ಒಳಗೆ ಕೆಂಪು ರಬ್ಬರ್ ಗ್ರೀಸ್ ಸ್ವಲ್ಪ ಸವರಬಹುದು. ಅದು ಹರಳೆಣ್ಣೆಯ ಮೂಲದ್ದು, ರಬ್ಬರಿಗೆ ಹಾನಿಯಿಲ್ಲ. ಬೇರಿಂಗ್ ಗ್ರೀಸ್ ಹತ್ತಿರವೂ ಸುಳಿಯಬಾರದು.

ಮಾಸ್ಟರ್ ಸಿಲಿಂಡರಿನಲ್ಲಿ ಹೆಚ್ಚಿನವರು ಎಡವುವುದು ಒಂದು ರಂಧ್ರದ ವಿಷಯದಲ್ಲಿ. ರಿಸರ್ವಾಯರಿನಿಂದ ಸಿಲಿಂಡರಿಗೆ ಎರಡು ದಾರಿ ಇರುತ್ತದೆ, ಒಂದು ದೊಡ್ಡದು, ಇನ್ನೊಂದು ಗುಂಡುಸೂಜಿಯಷ್ಟು ಸಣ್ಣದು. ಪೆಡಲ್ ಬಿಟ್ಟಾಗ ಮುಂದಿನ ಕಪ್ ಈ ಸಣ್ಣ ರಂಧ್ರವನ್ನು ದಾಟಿ ಹಿಂದಕ್ಕೆ ಬಂದು ನಿಲ್ಲಬೇಕು. ಆಗಷ್ಟೇ ಬಿಸಿಯಿಂದ ಹಿಗ್ಗಿದ ದ್ರವ ರಿಸರ್ವಾಯರಿಗೆ ಮರಳುತ್ತದೆ. ರಂಧ್ರದಲ್ಲಿ ತುಕ್ಕು ಕೂತಿದ್ದರೆ, ಕಪ್ ಉಬ್ಬಿದ್ದರೆ, ಅಥವಾ ಪೆಡಲಿನ ಬಲವನ್ನು ಪಿಸ್ಟನ್ನಿಗೆ ಮುಟ್ಟಿಸುವ ಪುಶ್‌ರಾಡ್ ಉದ್ದವಾಗಿ ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ ದಾರಿ ಮುಚ್ಚಿಕೊಳ್ಳುತ್ತದೆ. ಕಾರು ಮೊದಲು ಐದಾರು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತಾ, ಎತ್ತರಕ್ಕೆ ಬರುತ್ತಾ, ನಾಲ್ಕೂ ಚಕ್ರ ಹಿಡಿದು ನಿಂತುಬಿಡುತ್ತವೆ. ಅರ್ಧ ಗಂಟೆ ತಣ್ಣಗಾದರೆ ಮತ್ತೆ ಬಿಡುತ್ತವೆ. ಆಗ ಎಲ್ಲರೂ ಶೂ ಬಿಗಿಯಾಗಿದೆ ಎಂದು ಅಡ್ಜಸ್ಟರನ್ನೇ ತಿರುಗಿಸುತ್ತಾರೆ. ಸಣ್ಣ ರಂಧ್ರವನ್ನು ತೆಳು ತಾಮ್ರದ ತಂತಿಯಿಂದ ಬಿಡಿಸಬೇಕು, ಡ್ರಿಲ್‌ನಿಂದಲ್ಲ. ಪುಶ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿ.ಮೀ. ಸಡಿಲ ಬಿಡಬೇಕು. ಪೆಡಲನ್ನು ಬೆರಳಿನಿಂದ ಒತ್ತಿದರೆ ಆ ಸಡಿಲ ಕೈಗೆ ಗೊತ್ತಾಗುತ್ತದೆ. ರಿಸರ್ವಾಯರ್ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಪೆಡಲನ್ನು ನಿಧಾನಕ್ಕೆ ಒತ್ತಿಸಿದರೆ ಮೊದಲ ಕ್ಷಣದಲ್ಲೇ ಸಣ್ಣ ಚಿಲುಮೆ ಚಿಮ್ಮಬೇಕು. ಚಿಮ್ಮಿದರೆ ರಂಧ್ರ ತೆರೆದಿದೆ. ಮುಖವನ್ನು ಮಾತ್ರ ದೂರ ಇಟ್ಟುಕೊಳ್ಳಿ.

ಡ್ರಮ್ ಬ್ರೇಕಿನ ಹಲವು ಮಾಸ್ಟರ್ ಸಿಲಿಂಡರುಗಳ ತುದಿಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಉಳಿಸುವುದು ಅದರ ಕೆಲಸ. ವೀಲ್ ಸಿಲಿಂಡರಿನ ಕಪ್ಪಿನ ತುಟಿ ಗೋಡೆಗೆ ಅಂಟಿಕೊಂಡಿರುವುದು, ಹೊರಗಿನ ಗಾಳಿ ಒಳಗೆ ನುಗ್ಗದಿರುವುದು ಇದರಿಂದಲೇ. ಕಿಟ್ ಹಾಕುವಾಗ ‘ಇದೇನೋ ಹೆಚ್ಚಿನ ವಾಷರ್’ ಎಂದು ಬಿಟ್ಟರೆ ಎಷ್ಟು ಬ್ಲೀಡ್ ಮಾಡಿದರೂ (ಪೈಪಿನ ಗಾಳಿ ತೆಗೆದರೂ) ಪೆಡಲ್ ಮೆತ್ತಗೇ ಇರುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ (ತಿರುಗುವ ತಟ್ಟೆಯನ್ನು ಎರಡು ಪ್ಯಾಡು ಹಿಡಿಯುವ ಬಗೆ) ಹಾಕಿಸಿಕೊಂಡವರಿಗೆ ಇದು ತಿರುಗುಬಾಣ: ಅದೇ ವಾಲ್ವ್ ಡಿಸ್ಕಿನ ಪೈಪಿನಲ್ಲಿ ಉಳಿದರೆ ಪ್ಯಾಡುಗಳು ಸದಾ ಉಜ್ಜುತ್ತಿರುತ್ತವೆ.

ರಬ್ಬರ್ ಹೋಸಿನ ಹೊರಮೈ ನೋಡಿ ತೀರ್ಪು ಕೊಡಬಾರದು. ಹೊರಗೆ ಬಿರುಕಿದ್ದರೆ ಹೇಗೂ ಬದಲಿಸುತ್ತೀರಿ. ಮೋಸ ಮಾಡುವುದು ಹೊರಗೆ ಚೆನ್ನಾಗಿ ಕಾಣುವ ಹೋಸು. ಅದರ ಒಳಪದರ ಕಿತ್ತು ನಾಲಗೆಯಂತೆ ಜೋತುಬೀಳುತ್ತದೆ. ಪೆಡಲ್ ಒತ್ತಿದ ಜೋರಿಗೆ ದ್ರವ ಅದನ್ನು ತಳ್ಳಿಕೊಂಡು ಹೋಗುತ್ತದೆ, ಹಿಂದೆ ಬರಲು ಅಷ್ಟು ಜೋರು ಇಲ್ಲದ್ದರಿಂದ ನಾಲಗೆ ದಾರಿ ಮುಚ್ಚುತ್ತದೆ. ಒಂದು ಚಕ್ರ ಮಾತ್ರ ಹಿಡಿದುಕೊಂಡಿದ್ದಾಗ ಅದರ ಬ್ಲೀಡರ್ ಸಡಿಲಿಸಿದರೆ ಚುರ್ ಎಂದು ಚಿಮ್ಮಿ ಚಕ್ರ ಬಿಟ್ಟಿತೋ, ಹೋಸಿನ ಮೇಲೆ ಬಲವಾದ ಅನುಮಾನ ಪಡಬಹುದು. ಮೂರನ್ನೂ ಬದಲಿಸಿ, ಎಲ್ಲಿ ತಾಮ್ರದ ವಾಷರ್ ಇದೆಯೋ ಅಲ್ಲಿ ಹೊಸದನ್ನೇ ಹಾಕಿ. ಬಿಗಿಯುವಾಗ ಹೋಸಿನ ಷಟ್ಕೋನವನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಪೈಪಿನ ನಟ್ಟನ್ನು ಇನ್ನೊಂದರಿಂದ ತಿರುಗಿಸಬೇಕು, ಹೋಸು ತಿರುಚಿಕೊಳ್ಳಬಾರದು. ಮುಗಿದ ಮೇಲೆ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಚಕ್ರ ಎತ್ತಿ ಇಳಿಸಿ, ಎಲ್ಲಿಯೂ ಉಜ್ಜುತ್ತಿಲ್ಲವೆಂದು ಕಣ್ಣಾರೆ ನೋಡಿ.

ಲೋಹದ ಪೈಪು ಸಾಮಾನ್ಯವಾಗಿ 3/16 ಇಂಚು, ಅಂದರೆ 4.76 ಮಿ.ಮೀ. ಚಾಸಿಗೆ ಹಿಡಿಸುವ ಕ್ಲಿಪ್ಪಿನ ಅಡಿಯಲ್ಲೇ ಮೊದಲು ತುಕ್ಕು ಹಿಡಿಯುವುದರಿಂದ ಕ್ಲಿಪ್ ಬಿಚ್ಚದೆ ತಪಾಸಣೆ ಮುಗಿಯಿತು ಎನ್ನಬೇಡಿ. ಬದಲಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಉತ್ತಮ. ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಫ್ರಿಜ್ಜಿಗೆ ಬಳಸುವ ಬರೀ ತಾಮ್ರದ ಕೊಳವೆ ಅಲುಗಾಟಕ್ಕೆ ಗಡುಸಾಗಿ ಫ್ಲೇರಿನ (ಅಗಲಿಸಿದ ತುದಿಯ) ಬುಡದಲ್ಲಿ ಬಿರುಕು ಬಿಡುತ್ತದೆ. ನಡುವೆ ತುಂಡಾದ ಜಾಗಕ್ಕೆ ಕಂಪ್ರೆಶನ್ ಜಾಯಿಂಟ್ ಹಾಕಿ ಸೇರಿಸುವುದು ಆತ್ಮಹತ್ಯೆಗೆ ಸಮ.

ಇಲ್ಲೊಂದು ಬಲೆಯೂ ಇದೆ. ಅಮೆರಿಕನ್ ಮತ್ತು ಅನೇಕ ಬ್ರಿಟಿಷ್ ಕಾರುಗಳ ನಟ್ಟು 3/8 ಇಂಚಿನ, ಇಂಚಿಗೆ 24 ಎಳೆಯದು, ಯುರೋಪಿನ ಮೆಟ್ರಿಕ್ ನಟ್ಟು ಎಂ10, 1 ಮಿ.ಮೀ. ಪಿಚ್ಚಿನದು. ಮೊದಲನೆಯದು 9.5 ಮಿ.ಮೀ., ಎರಡನೆಯದು 10. ಎಳೆಯ ಅಂತರವೂ ಬಹುತೇಕ ಒಂದೇ. ಹೀಗಾಗಿ ಇಂಚಿನ ನಟ್ಟು ಮೆಟ್ರಿಕ್ ತೂತಿಗೆ ಸಲೀಸಾಗಿ ಹೋಗುತ್ತದೆ, ಬಿಗಿದಂತೆಯೂ ಅನ್ನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ. ಪೈಪಿನ ತುದಿಯೂ ಎರಡು ಬಗೆ. ಒಳಗೆ ಮಡಚಿದ ಡಬಲ್ ಫ್ಲೇರ್ ಒಂದು, ಗುಳ್ಳೆಯಂತೆ ಉಬ್ಬಿದ ಬಬಲ್ ಫ್ಲೇರ್ ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಪೈಪಿನ ತುದಿಯನ್ನು ಎದುರಿಗಿಟ್ಟುಕೊಂಡೇ ಹೊಸದನ್ನು ಮಾಡಬೇಕು, ಫ್ಲೇರ್ ಮಾಡುವ ಮುಂಚೆ ನಟ್ಟನ್ನು ಪೈಪಿಗೆ ಪೋಣಿಸಿದ್ದೀರಾ ಎಂದು ನೋಡಿಕೊಳ್ಳಬೇಕು. ನಗಬೇಡಿ, ಪಳಗಿದವರೂ ಮರೆಯುವ ವಿಷಯ ಇದು.

ಡ್ರಮ್ ಮತ್ತು ಶೂ ಬಗ್ಗೆ ಮೆಕ್ಯಾನಿಕ್‌ಗಳಿಗೆ ತಿಳಿದಿರುವುದೇ ಹೆಚ್ಚು, ಆದ್ದರಿಂದ ಮರೆತುಹೋಗುವುದನ್ನಷ್ಟೇ ಹೇಳುತ್ತೇನೆ. ಡ್ರಮ್ ಮೂಲ ಅಳತೆಗಿಂತ ವ್ಯಾಸದಲ್ಲಿ ಸುಮಾರು 1.5 ಮಿ.ಮೀ. ದೊಡ್ಡದಾದರೆ ಸಾಮಾನ್ಯವಾಗಿ ಅದರ ಆಯಸ್ಸು ಮುಗಿಯಿತು. ಡ್ರಮ್ಮಿನ ಮೇಲೆ ಗರಿಷ್ಠ ಅಳತೆ ಅಚ್ಚೊತ್ತಿದ್ದರೆ ಅದೇ ಅಂತಿಮ. ಲೇತಿನಲ್ಲಿ ತಿರುಗಿಸಿದ ಡ್ರಮ್ಮಿಗೆ ಹಳೆಯ ವ್ಯಾಸದ ಹೊಸ ಶೂ ಹಾಕಿದರೆ ಶೂ ನಡುವಿನಲ್ಲಿ ಬೆರಳಗಲ ಮಾತ್ರ ತಾಗುತ್ತದೆ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಉಜ್ಜಿ, ಶೂವನ್ನು ಒತ್ತಿ ಅತ್ತಿತ್ತ ಸರಿಸಿ, ಸುಣ್ಣ ಎಲ್ಲಿ ಹತ್ತಿತೆಂದು ನೋಡಿ. ನಡುಭಾಗದಲ್ಲಿ ಅಗಲವಾಗಿ ಹತ್ತಿ ಎರಡೂ ತುದಿಯಲ್ಲಿ ಕೂದಲೆಳೆಯ ಸಂದು ಉಳಿದರೆ ಚೆನ್ನ. ತುದಿಗಳೇ ಮೊದಲು ತಾಗಿದರೆ ಬ್ರೇಕ್ ಕಿರುಚುತ್ತದೆ, ಕಚ್ಚುತ್ತದೆ; ಶೂವನ್ನು ಡ್ರಮ್ಮಿನ ವ್ಯಾಸಕ್ಕೆ ಗ್ರೈಂಡ್ ಮಾಡಿಸಲೇಬೇಕು.

ಒಂದು ಶೂವಿನ ಲೈನಿಂಗ್ ಗಿಡ್ಡ, ಇನ್ನೊಂದರದು ಉದ್ದ ಇರುವ ಅಮೆರಿಕನ್ ಬಗೆಯ ಬ್ರೇಕಿನಲ್ಲಿ ಗಿಡ್ಡನೆಯದು ಮುಂದಕ್ಕೆ, ಉದ್ದನೆಯದು ಹಿಂದಕ್ಕೆ. ಬ್ರಿಟಿಷ್ ಕಾರುಗಳ ಮುಂಚಕ್ರದಲ್ಲಿ ಎರಡು ಸಿಲಿಂಡರ್ ಇದ್ದರೆ ಪ್ರತಿ ಶೂವೂ ಡ್ರಮ್ ತಿರುಗುವ ದಿಕ್ಕಿಗೇ ತಳ್ಳಲ್ಪಡಬೇಕು. ಬ್ಯಾಕ್‌ಪ್ಲೇಟನ್ನು (ಶೂ, ಸಿಲಿಂಡರ್ ಕೂರುವ ತಟ್ಟೆಯನ್ನು) ಎಡಬಲ ಅದಲುಬದಲು ಮಾಡಿದರೆ ರಿವರ್ಸಿನಲ್ಲಿ ಚೆನ್ನಾಗಿ ನಿಂತು ಮುಂದೆ ಹೋಗುವಾಗ ನಿಲ್ಲದ ಕಾರು ತಯಾರಾಗುತ್ತದೆ! ಬ್ಯಾಕ್‌ಪ್ಲೇಟಿನಲ್ಲಿ ಶೂವಿನ ಅಂಚು ಜಾರುವ ಉಬ್ಬುಗಳಲ್ಲಿ ತೋಡು ಬಿದ್ದಿದ್ದರೆ ವೆಲ್ಡ್ ತುಂಬಿ ಮಟ್ಟ ಮಾಡಿ, ಬಿಸಿ ತಾಳುವ ಗ್ರೀಸನ್ನು ತೆಳ್ಳಗೆ ಸವರಿ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿರಬೇಕು. ನಡುವೆ ಬೆಳಕು ಕಂಡರೆ ಅದು ಬಿಸಿಗೆ ಸೋತ ಸ್ಪ್ರಿಂಗ್.

ಡಿಸ್ಕ್ ಇರುವವರಿಗೆ ಎರಡೇ ಮಾತು. ಸಾಮಾನ್ಯವಾಗಿ ಕ್ಯಾಲಿಪರಿನಲ್ಲಿ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದಲ್ಲಿ) ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಚೌಕ ಅಂಚಿನ ಸೀಲೇ, ಬೇರೆ ಸ್ಪ್ರಿಂಗ್ ಇಲ್ಲ. ಆದ್ದರಿಂದ ಸೀಲ್ ಕೂರುವ ತೋಡಿನಲ್ಲಿ ತುಕ್ಕಿದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಪಿಸ್ಟನ್ ಹೊರತೆಗೆಯಲು ಗಾಳಿ ಬಿಡುವಾಗ ನಡುವೆ ಮರದ ತುಂಡು ಇರಲಿ, ಬೆರಳು ಬೇಡ.

ದ್ರವದ ಆಯ್ಕೆಗೆ ಬಂದರೆ, ಓಡಾಡುವ ಕಾರಿಗೆ ಡಾಟ್ 4 ಸಾಕು. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 155. ಡಾಟ್ 3ರಲ್ಲಿ ಇದು 205 ಮತ್ತು 140. ಈ ಎರಡನೆಯ ಅಂಕಿಯೇ ಮುಖ್ಯ, ಏಕೆಂದರೆ ನಿಂತೇ ಇರುವ ಕಾರಿನಲ್ಲೂ ದ್ರವ ತೇವ ಹೀರುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕಾರು ನೂರೇ ಕಿಲೋಮೀಟರ್ ಓಡಿದ್ದರೂ. ಸಿಲಿಕೋನಿನ ಡಾಟ್ 5 ಬಣ್ಣ ಕೀಳುವುದಿಲ್ಲ, ನೀರು ಹೀರುವುದಿಲ್ಲ ಎಂದು ಪ್ರದರ್ಶನದ ಕಾರುಗಳವರಿಗೆ ಇಷ್ಟ. ಒಳ ಸೇರಿದ ನೀರು ಅದರಲ್ಲಿ ಕಲೆಯದೆ ತಗ್ಗಿನ ಜಾಗದಲ್ಲಿ ನಿಂತು ಅಲ್ಲೇ ತುಕ್ಕು ಹಿಡಿಸುತ್ತದೆ, ಗಾಳಿಯ ಗುಳ್ಳೆಗಳು ಅದರಲ್ಲಿ ಬೇಗ ಬಿಡುವುದೂ ಇಲ್ಲ. ಹಳೆಯ ಗ್ಲೈಕಾಲಿನ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಎಂಬುದು ಇದಲ್ಲ, ಅದು ಗ್ಲೈಕಾಲ್ ದ್ರವವೇ. ಅಂಕಿ ನೋಡಿ ಮೋಸ ಹೋಗಬೇಡಿ. ಡಾಟ್ 4 ಬಾನೆಟ್ಟಿನ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ.

ಗಾಳಿ ತೆಗೆಯುವ ಮೊದಲು ಶೂಗಳನ್ನು ಡ್ರಮ್ಮಿಗೆ ತಾಗುವಷ್ಟು ಬಿಗಿ ಮಾಡಿಕೊಂಡರೆ ಪಿಸ್ಟನ್ನಿನ ಓಟ ಕಡಿಮೆಯಾಗಿ ಕೆಲಸ ಅರ್ಧವಾಗುತ್ತದೆ. ಕೈಪಿಡಿ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಪಾರದರ್ಶಕ ಟ್ಯೂಬಿನ ಒಂದು ತುದಿ ಬ್ಲೀಡರಿಗೆ, ಇನ್ನೊಂದು ದ್ರವವಿರುವ ಬಾಟಲಿಯಲ್ಲಿ ಮುಳುಗಿರಲಿ. ಒತ್ತು, ಬ್ಲೀಡರ್ ತೆರೆ, ಮುಚ್ಚು, ಆಮೇಲೆ ಪೆಡಲ್ ಬಿಡು. ಎಲ್ಲ ನಿಧಾನಕ್ಕೆ. ಪಟಪಟನೆ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡು ಬರೀ ದ್ರವ ಬದಲಿಸುವವರು ಪೆಡಲಿನ ಅಡಿಯಲ್ಲಿ ಮರದ ಹಲಗೆ ಇಡಬೇಕು. ಕಪ್ ದಿನವೂ ಓಡದ ಆಳಕ್ಕೆ ಹೋದರೆ ಅಲ್ಲಿನ ತುಕ್ಕು ಅದನ್ನು ಸೀಳುತ್ತದೆ. ಬ್ಲೀಡ್ ಮಾಡಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಎಂಬ ದೂರಿನ ಹಿಂದೆ ಇರುವುದು ಬಹುತೇಕ ಇದೇ. ಹೊರಬಂದ ದ್ರವವನ್ನು ಮತ್ತೆ ರಿಸರ್ವಾಯರಿಗೆ ಸುರಿಯುವ ಉಳಿತಾಯ ಬೇಡ.

ಕೊನೆಗೆ ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಇರುವಂತೆಯೇ ಅಡ್ಜಸ್ಟರನ್ನು ಚಕ್ರ ನಿಲ್ಲುವವರೆಗೆ ಬಿಗಿದು, ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಕೇಬಲ್ಲಿನ ಸರದಿ ಅದಾದ ಮೇಲೆ. ಮೊದಲೇ ಕೇಬಲ್ ಎಳೆದಿಟ್ಟರೆ ಶೂ ತನ್ನ ಜಾಗಕ್ಕೆ ಹಿಂತಿರುಗದೆ ಲೆಕ್ಕವೆಲ್ಲ ತಪ್ಪುತ್ತದೆ.

ಕಾರನ್ನು ಹೊರಗೆ ತೆಗೆಯುವ ಮುನ್ನ ಪೆಡಲನ್ನು ಪೂರ್ತಿ ಶಕ್ತಿ ಹಾಕಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲಿನಡಿ ಮೆಲ್ಲಗೆ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಮುಂದಿನ ಕಪ್ ದ್ರವವನ್ನು ಹಿಂದಕ್ಕೆ ಬಿಡುತ್ತಿದೆ. ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಕೆಳಗೆ ಹೋಗಿ ಗಟ್ಟಿಯಾಗಿ ನಿಂತರೆ ಶೂ ಸಡಿಲ. ಬಂಡೆಯಂತೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಲೈನಿಂಗ್ ಗಾಜಿನಂತಾಗಿದೆ, ಅಥವಾ ಸರ್ವೋ (ಎಂಜಿನ್ನಿನ ನಿರ್ವಾತದಿಂದ ಪೆಡಲಿಗೆ ಬಲ ಕೂಡಿಸುವ ಸಾಧನ) ಇದ್ದರೆ ಅದು ಕೆಲಸ ಮಾಡುತ್ತಿಲ್ಲ. ದ್ರವ ದಿನೇ ದಿನೇ ಇಳಿಯುತ್ತಿದೆ, ಹೊರಗೆ ಸೋರಿಕೆಯಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದೆ ಎಂದಾದರೆ ಸರ್ವೋದ ಮೂಲಕ ಎಂಜಿನ್ ಅದನ್ನು ಕುಡಿಯುತ್ತಿರುವ ಸಂಭವವಿದೆ. ಪ್ರತಿ ಜಾಯಿಂಟಿಗೂ ಬಿಳಿ ಟಿಶ್ಯೂ ಕಾಗದ ಸುತ್ತಿ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಲೆಯಾಗುತ್ತದೆ.

ಹೊಸ ಶೂ ಹಾಕಿದ ಮೊದಲ ದಿನವೇ ಜೋರು ಬ್ರೇಕ್ ಬೇಡ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಮೆದುವಾಗಿ ಇಪ್ಪತ್ತು-ಮೂವತ್ತು ಸಲ ವೇಗ ಇಳಿಸಿ, ನಡುನಡುವೆ ತಣ್ಣಗಾಗಲು ಬಿಡಿ. ಆಮೇಲೆ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಬಳಿ ಅಂಗೈ ಒಡ್ಡಿ, ಮುಟ್ಟಬೇಡಿ. ಮುಂದಿನ ಎರಡೂ ಒಂದೇ ಸಮ, ಹಿಂದಿನ ಎರಡೂ ಒಂದೇ ಸಮ ಬಿಸಿ ಇರಬೇಕು. ಒಂದು ಮಾತ್ರ ಕಾದಿದ್ದರೆ ಅಲ್ಲಿ ಶೂ ಬಿಡುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಪಿಸ್ಟನ್ ಅಂಟಿದೆ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಅಡ್ಜಸ್ಟರನ್ನು ಮತ್ತೊಮ್ಮೆ ನೋಡಿ, ಚಕ್ರ ಬಿಚ್ಚಿದಾಗಲೇ ಸಿಲಿಂಡರಿನ ಬೂಟನ್ನು ಇನ್ನೊಮ್ಮೆ ಎತ್ತಿ ನೋಡಿ.

ಹಳೆಯ ಕಾರಿನ ಚಿತ್ರ ಮುಂದಿನ ಸಲ ಅಚ್ಚಾಗುವಾಗ ಬಣ್ಣದ ಹೆಸರಿನ ಪಕ್ಕ ಅದರ ರಬ್ಬರ್ ಹೋಸು ಯಾವ ವರ್ಷದ್ದು ಎಂಬುದನ್ನೂ ಕೇಳಿ ಹಾಕಿದರೆ ಸಂತೋಷ.

ಇತಿ,
ಹಳೆಯ ವಾಹನಗಳ ಬ್ರೇಕ್ ಕೆಲಸ ಬಲ್ಲ ಓದುಗ